ಬರೆಯದೆ ತೆರೆಯದ ಕವಾಟ

ಮೈಲಾರಪ್ಪ ಗುತ್ತಲನ ಹೊಟ್ಟೆಯೊಳಗೆ ಇಪ್ಪತ್ನಾಲ್ಕು ದಿನಗಳಿಂದ ಒಂದು ಹೆದರಿಕೆ ಕೂತಿತ್ತು. ಅದರ ಉದ್ದ ಹನ್ನೊಂದು ಸೆಕೆಂಡು.

ಹೆದರಿಕೆಯನ್ನು ಸೆಕೆಂಡಿನಲ್ಲಿ ಅಳೆಯುವುದುಂಟೇ ಎಂದು ಬೇರೆ ಊರಿನವರು ನಕ್ಕಾರು. ಮೆಣಸಿನಹಾಳದವರು ನಗುವುದಿಲ್ಲ. ಅಲ್ಲಿ ಎಲ್ಲವೂ ಲಾಗ್ ಎಂಬ ಯಂತ್ರದ ದಿನಚರಿಯಲ್ಲಿ ಇರುತ್ತಿತ್ತು, ಲಾಗ್‌ನಲ್ಲಿ ಇದ್ದದ್ದಕ್ಕೆಲ್ಲ ಉದ್ದ ಇರುತ್ತಿತ್ತು.

ಮೊದಲು ಊರಿನ ವಿಚಾರ. ಬೇಸಗೆ ಐವತ್ತು ಡಿಗ್ರಿ ದಾಟಿದ ಮೇಲೆ, ಮೆಣಸಿನಕಾಯಿಯ ಕೋಲ್ಡ್ ಸ್ಟೋರೇಜಿನವರು ಒಂದು ಯೋಚನೆ ಮಾಡಿದರು. ಕಾಯಿ ತಣ್ಣಗಿರುತ್ತದೆ, ಕಾಯಿ ತಿನ್ನುವವರು ಬೇಯುತ್ತಾರೆ, ಇದು ಸರಿಯಲ್ಲ. ಹಾಗಾಗಿ ಊರ ಮೂಡಣ ದಿಕ್ಕಿಗೆ ದೊಡ್ಡ ಸ್ಥಾವರ ಕಟ್ಟಿ ಮನೆಮನೆಯ ಗೋಡೆಗೂ ತಂಪಿನ ನಳ ಎಳೆದರು. ಮೂರೇ ವರ್ಷದಲ್ಲಿ ಜನ ಅದಕ್ಕೆ ಎಷ್ಟು ಒಗ್ಗಿಹೋದರೆಂದರೆ, ಹೆಣ್ಣು ನೋಡಲು ಬಂದವರು ಹುಡುಗಿಯನ್ನು ಬಿಟ್ಟು ಗೋಡೆ ಮುಟ್ಟಿ ನೋಡುತ್ತಿದ್ದರು. ಮುದುಕರು ನಳದ ಬದಿಯ ಹಾಸಿಗೆಗಾಗಿ ಕೋರ್ಟಿನವರೆಗೂ ಹೋದದ್ದುಂಟು. ಈ ಸುಖಕ್ಕೆಲ್ಲ ಮೂಲ ಸ್ಥಾವರದ ತೊಟ್ಟಿಗಳಲ್ಲಿದ್ದ ಅರವತ್ತು ಟನ್ ಅಮೋನಿಯಾ. ಅಮೋನಿಯಾ ಒಳ್ಳೆಯ ಆಳು, ಆದರೆ ಮನೆಯೊಳಗೆ ಕರೆಯುವಂಥ ಅತಿಥಿಯಲ್ಲ. ಒಮ್ಮೆ ಹೊರಗೆ ಬಂದರೆ ಹನ್ನೊಂದು ಸಾವಿರ ಜನರ ಊರಿಗೆ ಹತ್ತು ನಿಮಿಷ ಸಾಕು.

ಸ್ಥಾವರವನ್ನು ನಡೆಸುತ್ತಿದ್ದದ್ದು ಒಂದು ಸರ್ವರ್. ಸರ್ವರನ್ನು ನಡೆಸುತ್ತಿದ್ದದ್ದು ಒಂದು ಕಾಯ್ದೆ. ಹಿಂದೆ ಎಲ್ಲಿಯೋ ಅಪಘಾತವಾಗಿ, ತನಿಖೆ ಬರುವಷ್ಟರಲ್ಲಿ ಲಾಗ್ ಅಳಿಸಿಹೋಗಿ, ಸತ್ತವರು ತಾವಾಗಿಯೇ ಸತ್ತರೆಂದು ತೀರ್ಮಾನವಾದ ಮೇಲೆ ಸರ್ಕಾರ ಬಿಗಿಯಾಯಿತು. ಎಲ್ಲವನ್ನೂ ಅಳಿಸಬಲ್ಲ ‘ರೂಟ್’ ಎಂಬ ಸರ್ವಾಧಿಕಾರಿಯನ್ನು ದೇಶದ ಎಲ್ಲ ಸರ್ವರುಗಳಿಂದ ಗಡೀಪಾರು ಮಾಡಿದರು. ಲಾಗ್ ಯಾರ ಹೆಸರಲ್ಲಿ ಶುರುವಾಗಿದೆಯೋ ಅದು ಅವರ ಸ್ವಂತ ಆಸ್ತಿ. ಅವರು ಸತ್ತರೆ ವಾರಸುದಾರರದು. ವಾರಸುದಾರರು ಎಲ್ಲರೂ ಒಟ್ಟಿಗೆ ಹೆಬ್ಬೆಟ್ಟು ಒತ್ತಿದರೆ ಮಾತ್ರ ಸಾಲು ಅಳಿಸಬಹುದು, ಒಂದಾಗಲಿ ಎಲ್ಲವಾಗಲಿ, ಅದೂ ಸತ್ತವರ ದನಿಯ ಸಾಲು ಮಾತ್ರ. ದನಿ ಯಾಕೆಂದರೆ, ಲಾಗ್ ಬರೆಯುವುದೆಂದರೆ ಬಾಯಿಯಿಂದ ಹೇಳುವುದು. ಬೆರಳಿನಿಂದ ಯಾರು ಬೇಕಾದರೂ ಸುಳ್ಳು ಬರೆದಾರು, ಕೊರಳಿಗೆ ಸ್ವಲ್ಪ ನಾಚಿಕೆ ಇರುತ್ತದೆ ಎಂದು ಸರ್ಕಾರ ನಂಬಿತ್ತು.

ಎಲ್ಲಕ್ಕಿಂತ ದೊಡ್ಡ ನಿಯಮ ಇನ್ನೊಂದು: ಲಾಗ್‌ನಲ್ಲಿ ಬರೆಯದೆ ಯಂತ್ರ ಏನನ್ನೂ ಮಾಡಕೂಡದು. ಮೊದಲು ಸಾಲು, ಆಮೇಲೆ ಕೆಲಸ. ಸ್ಥಾವರದಲ್ಲಿ ಮೊದಲು ಸ್ಪ್ರಿಂಗಿನ ಸುರಕ್ಷಾ ಕವಾಟವೊಂದಿತ್ತು. ಒತ್ತಡ ಏರಿದರೆ ಪಾಪ ಯಾರನ್ನೂ ಕೇಳದೆ ತೆರೆದುಕೊಳ್ಳುತ್ತಿತ್ತು. ಇನ್ಸ್‌ಪೆಕ್ಟರ್ ಬಂದು, “ಈ ಸ್ಪ್ರಿಂಗಿಗೆ ಅನುಮತಿ ಕೊಟ್ಟೋರು ಯಾರು?” ಎಂದು ಕೇಳಿ ಅದಕ್ಕೆ ಬೆಸುಗೆ ಹಾಕಿಸಿ, ಬದಲಿಗೆ ಕೈಗೆ ಬಗ್ಗದ, ಸರ್ವರ್ ಮಾತ್ರ ತೆರೆಯಬಲ್ಲ ಕವಾಟ ಕೂರಿಸಿ ಹೋದರು.

ಇಷ್ಟು ಕಾಯ್ದೆಯ ನಡುವೆಯೂ ಎಂಟು ವರ್ಷ ಎಲ್ಲ ಸುಸೂತ್ರವಾಗಿ ನಡೆದದ್ದು ವಿರುಪಾಕ್ಷಪ್ಪ ಕರ್ಜಗಿಯವರಿಂದ. ಅವರು ಹಿರಿಯ ಆಪರೇಟರ್, ಮೈಲಾರಪ್ಪ ಕಿರಿಯ. ಕರ್ಜಗಿಯವರ ಕೈಗುಣ ಊರಿಗೇ ಗೊತ್ತಿತ್ತು. ಅವರು ಮೊದಲ ಬೀಜ ಹಾಕಿದ ಹೊಲ ಹುಲುಸಾಗಿ ಬರುತ್ತಿತ್ತು, ಅವರು ಮೊದಲ ಚಹಾ ಕುಡಿದ ಅಂಗಡಿ ನಡೆಯುತ್ತಿತ್ತು. ಆದ್ದರಿಂದ ಹೊಸ ಲಾಗ್ ತೆರೆಯುವಾಗ ಮೈಲಾರಪ್ಪ ಸರ್ವರಿಗೆ ಕುಂಕುಮ ಹಚ್ಚಿ, “ಗುರುಗಳ, ನನ್ನ ಲಾಗೂ ನೀವs ತೆಗೀರಿ, ನಿಮ್ಮ ಕೈಗುಣ ಛಲೋ ಐತಿ” ಎಂದಿದ್ದ. ಅವರೂ ನಕ್ಕು ತಮ್ಮ ಹೆಸರಲ್ಲೇ ತೆರೆದರು. ಈಗ ಮೈಲಾರಪ್ಪನ ಸಾಲುಗಳು ಕರ್ಜಗಿಯವರ ಹೆಸರಿನಲ್ಲಿ, ಮೈಲಾರಪ್ಪನ ದನಿಯಲ್ಲಿ ಇದ್ದವು. ಮನುಷ್ಯರ ಸಾಲು ಅಳಿಸಲು ಹೆಸರೂ ದನಿಯೂ ಒಬ್ಬನದೇ ಆಗಿರಬೇಕು. ಅಂದರೆ ಅವನ್ನು ಈಗ ಬ್ರಹ್ಮನೂ ಅಳಿಸಲಾರ.

ಪ್ರತಿ ಸೋಮವಾರ ಕರ್ಜಗಿಯವರು ಹೆಬ್ಬೆಟ್ಟು ಒತ್ತಿ ಯಂತ್ರ ತಾನೇ ಬರೆದುಕೊಂಡ ಹಳೆಯ ಸಾಲುಗಳನ್ನು ಖಾಲಿ ಮಾಡುತ್ತಿದ್ದರು; ಆ ಅಧಿಕಾರ ಬದುಕಿರುವ ಒಡೆಯನಿಗೆ ಮಾತ್ರ. ಇಪ್ಪತ್ನಾಲ್ಕು ದಿನಗಳ ಹಿಂದೆ ಅವರು ತೀರಿಕೊಂಡರು. ಕೆಮ್ಮಿ ಕೆಮ್ಮಿ.

ಇನ್ನು ಆ ಹನ್ನೊಂದು ಸೆಕೆಂಡು.

ನಾಲ್ಕು ವರ್ಷದ ಹಿಂದೆ ಒಂದು ಮಧ್ಯಾಹ್ನ ಕೊಳವೆಯ ಒಂದು ಕೂಡು ಸೋರಿತು. ಸ್ಥಾವರದಲ್ಲಿದ್ದವರು ಇಬ್ಬರೇ. ಮೂಗಿಗೆ ಘಾಟು ಹೊಡೆದದ್ದೇ ಮೈಲಾರಪ್ಪನ ಕಾಲುಗಳು ಮೈಲಾರಪ್ಪನನ್ನು ಕೇಳದೆ ಓಡಿದವು. ಸಂತೆಯ ಬಯಲಿನವರೆಗೂ ಓಡಿದವು. ಕರ್ಜಗಿಯವರು ಒದ್ದೆ ಟವೆಲ್ ಮುಖಕ್ಕೆ ಸುತ್ತಿಕೊಂಡು ಒಳಗೆ ಹೋಗಿ ಕೈಯಿಂದಲೇ ಕವಾಟ ತಿರುಗಿಸಿ ಊರು ಉಳಿಸಿದರು. ಹೊರಗೆ ಬಂದು ಲಾಗ್‌ನಲ್ಲಿ ಒಂದು ಸಾಲು ಹೇಳಿದರು. ಮನೆಯಲ್ಲಿ ಹೇಳಲಿಲ್ಲ, ಹೆಂಗಸರು ಹೆದರುತ್ತಾರೆ ಎಂದು. ಮೈಲಾರಪ್ಪನಿಗೂ ಏನೂ ಅನ್ನಲಿಲ್ಲ. ಕೆಮ್ಮು ಮಾತ್ರ ಅವತ್ತಿನಿಂದ ಶುರುವಾಯಿತು.

ಕೆಮ್ಮಿಗೆ ಊರು ಬೇರೆಯೇ ಕಾರಣ ಹುಡುಕಿತು. ಕರ್ಜಗಿಯವರ ಮಗಳು ಸುಲೋಚನಾ ಆಗಷ್ಟೇ ಖಾರ ಕುಟ್ಟುವ ಗಿರಣಿ ಹಾಕಿದ್ದಳು. ಅಪ್ಪ ದಿನಾ ಸಂಜೆ ಅಲ್ಲಿ ಹೋಗಿ ಕೂರುತ್ತಿದ್ದರು. ಖಾರದ ಪುಡಿ ಎದೆಗೆ ಇಳಿಯಿತು ಎಂದರು ಜನ. ತಾಯಿ ಕಲ್ಲವ್ವ ನಂಬಿದಳು, ಮಗಳ ಜೊತೆ ಮಾತು ಬಿಟ್ಟಳು, ನಾಲ್ಕು ವರ್ಷ. ಗಿರಣಿಗೆ ಬರುವವರೂ ಕಡಿಮೆಯಾದರು. ಹೆಣ ಇಟ್ಟಲ್ಲಿ ಕಲ್ಲವ್ವ ಮೈಲಾರಪ್ಪನ ಕೈ ಹಿಡಿದು ಕೇಳಿದ್ದಳು: “ತಮ್ಮಾ, ನೀ ದಿನಾ ಜೋಡಿ ಇದ್ದಾಂವ. ಈ ಕೆಮ್ಮು ಎಲ್ಲಿಂದ ಬಂತೋ?”

“ಖಾರದ ಘಾಟು ಇರಬೇಕವ್ವ,” ಎಂದಿದ್ದ ಮೈಲಾರಪ್ಪ. ಕಾಲುಗಳ ಹಾಗೆ ನಾಲಿಗೆಯೂ ಅವನನ್ನು ಕೇಳಲಿಲ್ಲ.

ಕಾರ್ಯ ಮುಗಿದ ಮೇಲೆ ಕಲ್ಲವ್ವ ದಿನಾ ಹನ್ನೊಂದು ಗಂಟೆಗೆ ಸ್ಥಾವರಕ್ಕೆ ಬಂದು, ವಾರಸುದಾರಳಾಗಿ ತನಗಿದ್ದ ಕೇಳುವ ಅನುಮತಿ ತೋರಿಸಿ, ಗಂಡನ ಲಾಗ್ ಕೇಳತೊಡಗಿದಳು. ಎಂಟು ವರ್ಷದ್ದನ್ನು ಮೊದಲಿನಿಂದ, ಒಂದೊಂದೇ ಸಾಲು. ಮೈಲಾರಪ್ಪ ಎಣಿಸಿದ. ಇದೇ ಲೆಕ್ಕದಲ್ಲಿ ಹೋದರೆ ಇನ್ನು ಒಂಬತ್ತು ದಿನಕ್ಕೆ ಆ ಸಾಲು.

ಕರ್ಜಗಿಯವರು ಸತ್ತ ದಿನವೇ ಮೈಲಾರಪ್ಪ ಒಂದು ಉಪಾಯ ಮಾಡಿದ್ದ. ಒಡೆತನ ಸತ್ತವರಿಂದ ವಾರಸುದಾರರಿಗೆ ಬದಲಾಗುವಾಗ ಲಾಗ್ ಒಂದು ಕ್ಷಣ ಯಾರದ್ದೂ ಆಗಿರುವುದಿಲ್ಲ, ಆಗ ಯಾರು ಬೇಕಾದರೂ ಅಳಿಸಬಹುದು ಎಂದು ಆಪರೇಟರುಗಳ ನಡುವೆ ಒಂದು ದಂತಕಥೆಯಿತ್ತು. ಆ ಕ್ಷಣಕ್ಕೆ ಹೊಂಚು ಹಾಕಲು, ಹತ್ತು ಸೆಕೆಂಡಿಗೊಮ್ಮೆ ಆ ಒಂದು ಸಾಲನ್ನು ಅಳಿಸಲು ಯತ್ನಿಸು ಎಂದು ಸರ್ವರಿಗೆ ಆಜ್ಞೆ ಕೊಟ್ಟು ಮನೆಗೆ ಹೋದ. ಕ್ಷಣ ಬರಲೇ ಇಲ್ಲ. ಪ್ರತಿ ಸಲವೂ ಯಂತ್ರ ‘ಅಳಿಸಲು ಅನುಮತಿ ಇಲ್ಲ’ ಎಂದು ಹೇಳಿತು. ಹೇಳಿದ್ದನ್ನು ಲಾಗ್‌ಗೆ ಹಾಕಿತು. ಇಪ್ಪತ್ನಾಲ್ಕು ದಿನಕ್ಕೆ ಎರಡು ಲಕ್ಷ ಏಳು ಸಾವಿರ ಸಲ. ನಿರಾಕರಣೆಯ ಲಾಗ್ ಇನ್ಸ್‌ಪೆಕ್ಟರ್ ಕಚೇರಿಯ ಹೆಸರಲ್ಲಿರುತ್ತದೆ, ಅದನ್ನು ಇಲ್ಲಿಯವರು ಮುಟ್ಟುವಂತಿಲ್ಲ.

ಹೀಗೆ ಒಂದು ಏಪ್ರಿಲ್ ಮಧ್ಯಾಹ್ನ ಒಂದೂವರೆಗೆ, ಕಲ್ಲವ್ವ ಅವತ್ತಿನ ಪಾಲು ಕೇಳಿ ಮನೆಗೆ ಹೋದ ಮೇಲೆ, ಲಾಗ್ ಇಡುವ ಡಿಸ್ಕ್ ತುಂಬಿತು. ಉಸಿರಾಡಲು ಜಾಗವಿಲ್ಲದೆ ಮೈಲಾರಪ್ಪನ ಆಜ್ಞೆಯೂ ಅಲ್ಲೇ ಸತ್ತಿತು.

ಪರದೆಯ ಮೇಲೆ ಕೆಂಪು ಅಕ್ಷರ ಬಂತು: ಬರೆಯಲು ಸ್ಥಳವಿಲ್ಲ. ಒತ್ತಡದ ಮುಳ್ಳು ಹದಿನೇಳೂವರೆಯಲ್ಲಿತ್ತು. ಹದಿನೆಂಟಕ್ಕೆ ಕವಾಟ ತೆರೆದು ಅನಿಲವನ್ನು ನೀರಿನ ತೊಟ್ಟಿಗೆ ಬಿಡಬೇಕು. ಇಪ್ಪತ್ತೆರಡಕ್ಕೆ ಹಳೆಯ ಬೆಸುಗೆಗಳು ಬಿಡುತ್ತವೆ. ಮೈಲಾರಪ್ಪ ಕವಾಟ ತೆರೆಯಲು ಒತ್ತಿದ. ಸ್ಥಳವಿಲ್ಲ. ಕಂಪ್ರೆಸರ್ ನಿಲ್ಲಿಸಲು ಒತ್ತಿದ. ಸ್ಥಳವಿಲ್ಲ. ಊರಿಗೆ ಸೈರನ್ ಕೂಗಿಸಲು ಒತ್ತಿದ. ಸೈರನ್‌ಗೂ ಒಂದು ಸಾಲು ಬೇಕಿತ್ತು.

ಇನ್ಸ್‌ಪೆಕ್ಟರ್ ಕಚೇರಿಗೆ ಫೋನ್ ಹಚ್ಚಿದ.

“ಸಾಹೇಬ್ರ, ಮೆಣಸಿನಹಾಳದಿಂದ್ರಿ. ಡಿಸ್ಕ್ ತುಂಬೇತ್ರಿ. ಕವಾಟ ತೆರೀವಲ್ದ್ರಿ.”

“ತುಂಬಿರೋದನ್ನ ಲಾಗ್‌ನಲ್ಲಿ ಬರೆದಿದೀರಾ?”

“ಬರ್ಯಾಕ ಜಾಗಾ ಇಲ್ಲಂತs ಹೇಳಾಕತ್ತೀನ್ರಿ.”

“ಬರೆದಿಲ್ಲ ಅಂದ್ಮೇಲೆ ತುಂಬಿದೆ ಅಂತ ನಮಗೆ ಹೇಗ್ರೀ ಗೊತ್ತಾಗ್ಬೇಕು?”

“ಊರು ಸಾಯ್ತೈತ್ರೀ ಸಾಹೇಬ್ರ!”

“ಅರ್ಜಿ ಹಾಕಿ. ತುರ್ತು ಅಂತ ಮೇಲೆ ಬರೀರಿ. ಹದಿನೈದು ದಿನದಲ್ಲಿ ಆಗತ್ತೆ. ಮಾಮೂಲಿಯಾದ್ರೆ ತಿಂಗಳು.”

ಮೈಲಾರಪ್ಪ ಫೋನ್ ಇಟ್ಟ. ಮುಂದಿನ ನೆನಪು ಅವನಿಗೆ ಸೈಕಲ್ಲಿನ ಮೇಲೆಯೇ.

ಮನೆಯಲ್ಲಿ ಹೆಂಡತಿ ಪಾರವ್ವ ತಂಪಿನ ನಳಕ್ಕೆ ಬೆನ್ನು ಹಚ್ಚಿ ಕುಳಿತು ಅಕ್ಕಿ ಆರಿಸುತ್ತಿದ್ದಳು.

“ಏಳು ಏಳು. ಬಸ್ಸು ಹಿಡಿ. ನಿಮ್ಮಕ್ಕನ ಊರಿಗೆ ಹೋಗು.”

“ಯಾಕ? ಅಕ್ಕಗ ಏನಾತು?”

“ಅಕ್ಕಗ ಏನೂ ಆಗಿಲ್ಲ. ಇಲ್ಲಿ ಅನಿಲ ಬಿಡ್ತೈತಿ. ಡಿಸ್ಕ್ ತುಂಬೇತಿ, ಕವಾಟ ತೆರೀವಲ್ದು. ಎರಡು ತಾಸಿನ್ಯಾಗ ಎಲ್ಲಾ ಮುಗೀತೈತಿ.”

ಪಾರವ್ವ ಮೊರ ಕೆಳಗಿಟ್ಟಳು. “ಮುಗೀಲಾರದಂಗ ಮಾಡಾಕ ಏನೂ ಇಲ್ಲ?”

“ಕರ್ಜಗಿ ಗುರುಗಳ ಮಾತು ಅಳಸಬೇಕು. ಅದಕ್ಕ ಕಲ್ಲವ್ವ, ಸುಲೋಚನಾ ಇಬ್ರೂ ಒಟ್ಟಿಗೆ ಬೆರಳು ಒತ್ತಬೇಕು.”

“ಮತ್ತ ಇಲ್ಲಿ ಯಾಕ ನಿಂತಿ? ಅವರನ್ನ ಕರ್ಕೊಂಡು ಬರೂದು ಬಿಟ್ಟು ನನ್ನ ಬಸ್ಸಿಗೆ ಹತ್ತಸಾಕ ಬಂದಿ?”

“ಅವ್ರು ಮಾತಾಡೂದಿಲ್ಲಲ್ಲ ಒಬ್ರಿಗೊಬ್ರು.”

“ಬೆರಳು ಮಾತಾಡಬೇಕಿಲ್ಲಲ್ಲ!” ಎಂದಳು ಪಾರವ್ವ. “ನಾ ಎಲ್ಲಿಗೂ ಹೋಗೂದಿಲ್ಲ. ಓಣಿ ಮಂದೀನೆಲ್ಲ ಎಬ್ಬಸ್ತೇನಿ. ನೀ ಹೋಗು.”

ಮೈಲಾರಪ್ಪ ನಿಂತೇ ಇದ್ದ. ಅವನ ಹೆದರಿಕೆ ಈಗ ಎರಡಾಗಿ ಸೀಳಿತ್ತು. ಅವರು ಬರದಿದ್ದರೆ ಅನಿಲ. ಬಂದರೆ ಹನ್ನೊಂದು ಸೆಕೆಂಡು. ಯಾವುದು ಹೆಚ್ಚು ಭಯಂಕರ ಎಂದು ಲೆಕ್ಕ ಹಾಕಲು ಅವನಿಗೆ ಪುರುಸೊತ್ತು ಇದ್ದಿದ್ದರೆ ಏನು ಮಾಡುತ್ತಿದ್ದನೋ, ಹೇಳುವುದು ಕಷ್ಟ.

ಎರಡೂಕಾಲಿಗೆ ಕಂಟ್ರೋಲ್ ರೂಮಿನ ಒಂದೇ ಬೆಂಚಿನ ಎರಡು ತುದಿಗೆ ತಾಯಿ ಮಗಳು ಕುಳಿತಿದ್ದರು. ಸುಲೋಚನಾಳ ರೆಪ್ಪೆಯ ಮೇಲೆ ಇನ್ನೂ ಕೆಂಪು ಪುಡಿಯಿತ್ತು. ಕಲ್ಲವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ಗೋಡೆ ನೋಡುತ್ತಿದ್ದಳು. ಮುಳ್ಳು ಹತ್ತೊಂಬತ್ತಕ್ಕೆ ಬಂದಿತ್ತು.

ಮೈಲಾರಪ್ಪ ವಿಷಯ ಹೇಳಿದ. ಡಿಸ್ಕ್ ಯಾಕೆ ತುಂಬಿತೆಂಬುದನ್ನು ಬಿಟ್ಟು ಉಳಿದೆಲ್ಲ ಹೇಳಿದ. “ಇಬ್ರೂ ಒಮ್ಮೆ ಒತ್ತಿದ್ರ ಎಂಟು ವರ್ಷದ್ದು ಪೂರಾ ಖಾಲಿ ಆಕ್ಕೈತಿ. ಆಮ್ಯಾಲ ಚಿಂತಿ ಇಲ್ಲ.” ತನ್ನ ದನಿಯಲ್ಲಿ ಆಸೆ ಕೇಳಿಸದಂತೆ ಅವನು ಕೆಮ್ಮಿದ.

“ಪೂರಾ?” ಎಂದಳು ಕಲ್ಲವ್ವ. “ಅವ್ರ ಮಾತು ಪೂರಾ?”

“ಊರು ಉಳೀಬೇಕಲ್ಲವ್ವ.”

“ಆ ಕವಾಟ ತೆರ್ಯಾಕ ಎಷ್ಟು ಮಾತು ಬೇಕು?”

“ಒಂದು ಸಾಲು. ಆರು ಸೆಕೆಂಡು. ನಾಕು ನಿಮಿಷ ತೆರೀತೈತಿ, ಮುಚ್ಚತೈತಿ. ಮತ್ತ ಒತ್ತಡ ಏರಿದ್ರ ಮತ್ತೊಂದು ಸಾಲು. ಬಿಸಿಲು ಇಳಿಯೂತನಕ.”

“ಹಂಗಾದ್ರ ಆರು ಸೆಕೆಂಡು ಕೊಡ್ತೇನಿ. ಆರು ಸೆಕೆಂಡಿಗೆ ಎಂಟು ವರ್ಷ ಕೇಳ್ತೀಯಲ್ಲೋ, ನೀ ಏನು ಮನಶ್ಯಾನೋ ಏನು ಸರ್ಕಾರನೋ?”

ಮೈಲಾರಪ್ಪ ಲಾಗ್ ಕೇಳಿಸುವ ಗುಂಡಿ ಒತ್ತಿದ. ಕರ್ಜಗಿಯವರ ದನಿ ಕೋಣೆ ತುಂಬಿತು, ಬದುಕಿದ್ದಾಗ ಇದ್ದದ್ದಕ್ಕಿಂತ ಗಟ್ಟಿಯಾಗಿ: *ಹನ್ನೊಂದು ನಲವತ್ತು. ಎರಡನೇ ಕಂಪ್ರೆಸರ್ ಚಾಲೂ. ಮನಿಯಿಂದ ಎಣ್ಣಿಗಾಯಿ ಬಂದೇತಿ. ಉಪ್ಪು ಹೆಚ್ಚಾಗೇತಿ.*

“ಇದನ್ನ ಅಳಸು,” ಎಂದಳು ಕಲ್ಲವ್ವ ತಡಮಾಡದೆ. “ನಾ ಎಂದೂ ಉಪ್ಪು ಹೆಚ್ಚು ಹಾಕಿದಾಕಿ ಅಲ್ಲ.”

“ಮೈಲಾರಣ್ಣ, ಅಕೀಗೆ ಹೇಳು,” ಎಂದಳು ಸುಲೋಚನಾ ಕಿಟಕಿಯ ಕಡೆ ನೋಡುತ್ತ. “ಉಪ್ಪು ಹೆಚ್ಚs ಇರ್ತಿತ್ತು. ಅಪ್ಪ ನೀರು ಕುಡಿಯಾಕಂತs ನಮ್ಮ ಗಿರಣಿಗೆ ಬರ್ತಿದ್ದ.”

“ಮೈಲಾರಪ್ಪಾ, ಅಕೀಗೆ ಹೇಳು. ಗಿರಣಿಗೆ ಬರ್ತಿದ್ರು ಅಂತs ಇವತ್ತು ಇಲ್ಲ ಅವ್ರು.”

“ಯವ್ವಾ, ಹತ್ತೊಂಬತ್ತೂವರಿ ಆಗೇತಿ!” ಎಂದು ಮೈಲಾರಪ್ಪ ಅತ್ತೇಬಿಟ್ಟ.

ಎರಡು ಹೆಬ್ಬೆಟ್ಟುಗಳು ಗುರುತು ಹಿಡಿಯುವ ಎರಡು ಗಾಜುಗಳ ಮೇಲೆ ಬಿದ್ದವು. ಉಪ್ಪಿನ ಸಾಲು ಹೋಯಿತು. ಸರ್ವರ್ ತನ್ನ ಹೆಣ್ಣು ದನಿಯಲ್ಲಿ, ಅವಸರವೇ ಗೊತ್ತಿಲ್ಲದವಳ ಹಾಗೆ, ‘ಸುರಕ್ಷಾ ಕವಾಟ ತೆರೆಯಲಾಗುತ್ತಿದೆ’ ಎಂದು ಬರೆದುಕೊಂಡಿತು. ಹೊರಗೆ ನೀರಿನ ತೊಟ್ಟಿ ಕುದಿಯುವ ಹಂಡೆಯ ಹಾಗೆ ಗುಳುಗುಳು ಎಂದಿತು. ಮುಳ್ಳು ನಾಚಿಕೊಂಡು ಸ್ವಲ್ಪ ಇಳಿಯಿತು.

ಇಷ್ಟು ಹತ್ತು ನಿಮಿಷಕ್ಕೆ ಸಾಕು. ಹತ್ತು ನಿಮಿಷ ಕಳೆದದ್ದೇ ಮತ್ತೊಂದು ಸಾಲು.

ಹೀಗೆ ಶುರುವಾಯಿತು ಆ ಮಧ್ಯಾಹ್ನ. ಸತ್ತವನ ಮಾತನ್ನು ಸಂತೆಯಲ್ಲಿ ಬದನೆಕಾಯಿ ಆರಿಸುವಂತೆ ಇಬ್ಬರು ಹೆಂಗಸರು ಆರಿಸಿದರು. ಮೂರನೇ ಪಂಪು ಗೊರಕೆ ಹೊಡೆಯುತ್ತಿದೆ ಎಂಬ ಸಾಲನ್ನು ಇಬ್ಬರೂ ಬಿಟ್ಟುಕೊಟ್ಟರು. ಇನ್ಸ್‌ಪೆಕ್ಟರ್ ಬಂದು ಬಾಳೆಹಣ್ಣು ತಿಂದು ಹೋದ ಎಂಬುದನ್ನು ಸಂತೋಷದಿಂದ ಬಿಟ್ಟುಕೊಟ್ಟರು. ಸೊಂಟನೋವಿನ ಬಗ್ಗೆ ಹದಿನಾಲ್ಕು ಸಾಲಿದ್ದವು, ಅವುಗಳಲ್ಲಿ ಆರನ್ನು ಕೊಟ್ಟು ಎಂಟನ್ನು ಇಟ್ಟುಕೊಂಡರು. ಯಾಕೆ ಎಂಟು ಎಂದು ಮೈಲಾರಪ್ಪ ಕೇಳಲಿಲ್ಲ. ಅವನ ಅಂಗಿ ಮೈಗೆ ಅಂಟಿತ್ತು. ಸಾಲುಗಳು ತಾರೀಖಿನ ಪ್ರಕಾರ ಸರಿಯುತ್ತಿದ್ದವು. ಆ ವರ್ಷ ಬಂತು. ಆ ತಿಂಗಳು ಬಂತು. ಅವನ ಬೆರಳು ಮೆಲ್ಲಗೆ ಎರಡು ತಿಂಗಳು ಹಾರಿಸಿ ಮುಂದೆ ಹೋಯಿತು. ಹೆಂಗಸರಿಗೆ ಗೊತ್ತಾಗಲಿಲ್ಲ. ಅಮೋನಿಯಾಕ್ಕೂ ಗೊತ್ತಾಗಲಿಲ್ಲ.

ಆದರೆ ಮುಂದಿನ ಸಾಲುಗಳಲ್ಲಿ ಕೆಮ್ಮು ಇತ್ತು. ಪ್ರತಿ ಸಾಲಿನಲ್ಲಿ. ಮಾತಿನ ನಡುವೆ ಕೆಮ್ಮು, ಮಾತಿನ ಕೊನೆಗೆ ಕೆಮ್ಮು. ಕಲ್ಲವ್ವ ಒಂದನ್ನೂ ಬಿಡಲೊಲ್ಲಳು. “ಕೆಮ್ಮಿದ್ರೂ ಅವ್ರs ಕೆಮ್ಮಿದ್ದು,” ಎಂದಳು. ಮೈಲಾರಪ್ಪ ಹೆದರಿ ಹಿಂದಕ್ಕೆ ಸರಿಸಿದ. ಹಿಂದೆ ಸರಿಸಿದಲ್ಲಿ ಸಿಕ್ಕಿದ್ದು ಇದು:

*ಆರು ಗಂಟಿ. ಪಾಳಿ ಮುಗೀತು. ಇವತ್ತು ಮಗಳ ಗಿರಣಿ ಚಾಲೂ. ಮೊದಲನೇ ಖಾರ ನನ್ನ ಕೈಯಾಗ ಕೊಟ್ಟಳು. ಸೀನು ಬಂತು. ಛಲೋ ಖಾರ.*

“ಇದನ್ನ ಅಳಸು,” ಎಂದಳು ಕಲ್ಲವ್ವ. “ಆ ಸೀನs ಮುಂದ ಕೆಮ್ಮಾತು.”

“ನಾ ಒತ್ತೂದಿಲ್ಲ.”

“ಮೈಲಾರಪ್ಪಾ, ಹೇಳಕೀಗೆ—”

“ನನಗs ಹೇಳು!” ಸುಲೋಚನಾ ಎದ್ದು ನಿಂತಳು. “ನಾಕು ವರ್ಷ ಆತು, ನನ್ನ ಮುಖ ನೋಡಿ ಹೇಳು. ಅಪ್ಪನ್ನ ಕೊಂದಾಕಿ ನೀನs ಅಂತ ಹೇಳು. ಊರೆಲ್ಲ ಹೇಳೇತಿ. ಗಿರಣಿ ಮುಂದ ಹಾಯ್ದು ಹೋಗೂಮುಂದ ಮೂಗು ಮುಚ್ಚಿಕೊಂತಾರ ಮಂದಿ. ನೀನೂ ಈಗ ಮುಚ್ಚಿಕೊಂಡು ಕುಂತೀದಿ!”

“ಮುಚ್ಚಿಕೊಳ್ಳಲಾರದs ಮತ್ತೇನು ಮಾಡ್ಲಿ? ನಾ ದಿನಾ ರಾತ್ರಿ ಅವ್ರ ಎದಿ ತಿಕ್ಕಿದಾಕಿ!”

“ಇಪ್ಪತ್ತೂವರಿ,” ಎಂದ ಮೈಲಾರಪ್ಪ. ಯಾರೂ ಕೇಳಲಿಲ್ಲ. “ಬ್ಯಾರೇದು ಹಾಕ್ತೇನಿ ಯವ್ವಾ.” ಹಾಕಿದ. ತಾಯಿ ಬಿಟ್ಟದ್ದನ್ನು ಮಗಳು ಬಿಡಲಿಲ್ಲ, ಮಗಳು ಬಿಟ್ಟದ್ದನ್ನು ತಾಯಿ ಬಿಡಲಿಲ್ಲ. ಸೊಂಟನೋವನ್ನೂ ಈಗ ಇಬ್ಬರೂ ಬಿಗಿಯಾಗಿ ಹಿಡಿದುಕೊಂಡರು.

ಇಪ್ಪತ್ತೊಂದು.

ಹೊರಗೆ ಕೊಳವೆಯೊಂದು ‘ಟಕ್’ ಎಂದು ಸದ್ದು ಮಾಡಿತು. ಮೈಲಾರಪ್ಪನ ಕಾಲುಗಳಿಗೆ ಆ ಸದ್ದಿನ ಪರಿಚಯವಿತ್ತು. ಅವು ಆಗಲೇ ಬಾಗಿಲ ಕಡೆ ತಿರುಗಿದ್ದವು. ಬಾಗಿಲು ತೆರೆದಿತ್ತು, ಸೈಕಲ್ಲು ಗೋಡೆಗೆ ಒರಗಿತ್ತು. ಗಾಳಿ ಪಡುವಣಕ್ಕೆ ಬೀಸುತ್ತಿತ್ತು, ಅಂದರೆ ಊರ ಮೇಲೆ, ಅಂದರೆ ಓಣಿಯ ಬಾಗಿಲು ಬಡಿಯುತ್ತ ತಿರುಗುತ್ತಿದ್ದ ಪಾರವ್ವನ ಮೇಲೆ. ಮೂಡಣಕ್ಕೆ ಓಡಿದರೆ ಒಬ್ಬ ಉಳಿಯುತ್ತಾನೆ. ಉಳಿದವನನ್ನು ಕೇಳಲು ಊರಲ್ಲಿ ಒಬ್ಬರೂ ಇರುವುದಿಲ್ಲ. ಆ ಸಾಲೂ ಸರ್ವರಿನ ಜೊತೆ ಸತ್ತು ಹೋಗುತ್ತದೆ. ಇದೆಲ್ಲ ಕಾಲುಗಳೇ ಯೋಚಿಸಿದ್ದು.

ಕೈ ಮಾತ್ರ ಮೇಜಿನ ಮೇಲೆಯೇ ಇತ್ತು. ಅವನು ಕಾಲುಗಳನ್ನು ಹೇಗೆ ತಡೆದನೋ, ಅದನ್ನು ಕೇಳಿದರೆ ಅವನಿಗೇ ಗೊತ್ತಿಲ್ಲ. ಕುರ್ಚಿಯನ್ನು ಹಿಡಿದುಕೊಂಡು ಕೂತ. ಹಾರಿಸಿದ್ದ ತಿಂಗಳಿಗೆ ಹಿಂತಿರುಗಿ ಹೋದ. “ಇದೊಂದು ಐತಿ,” ಎಂದ. “ಇದನ್ನ ನೀವಿಬ್ರೂ ಅಳಸಬಹುದು.” ಒತ್ತಿದ.

*ಎರಡು ಹತ್ತು. ನಾಕನೇ ಕೂಡು ಸೋರತಿತ್ತು. ಒಳಗ ಹೋಗಿ ಕೈಲೆ ಬಂದ್ ಮಾಡೀನಿ. ಮೈಲಾರಪ್ಪ ಓಡಿ ಹೋಗ್ಯಾನ. ಎದಿ ಉರಿಯಾಕತ್ತೇತಿ.* ಆಮೇಲೆ ಒಂದು ಕೆಮ್ಮು. ಮೊದಲನೆಯದು. ಇನ್ನೂ ಅಭ್ಯಾಸವಾಗಿರದ, ತನ್ನಷ್ಟಕ್ಕೆ ತಾನೇ ಆಶ್ಚರ್ಯಪಟ್ಟಂಥ ಕೆಮ್ಮು.

ಹನ್ನೊಂದು ಸೆಕೆಂಡು ಮುಗಿಯಿತು.

ಕಲ್ಲವ್ವ ಸೆರಗು ಮೂಗಿನಿಂದ ತೆಗೆದಳು. “ಇನ್ನೊಮ್ಮೆ ಹಾಕು.”

“ಯವ್ವಾ, ಇಪ್ಪತ್ತೊಂದೂಕಾಲು—”

“ಹಾಕಂದ್ನಿ.”

ಹಾಕಿದ. ಅವಳು ಮಾತನ್ನು ಕೇಳುತ್ತಿರಲಿಲ್ಲ, ಕೆಮ್ಮನ್ನು ಕೇಳುತ್ತಿದ್ದಳು. ನಾಲ್ಕು ವರ್ಷ ಪ್ರತಿ ರಾತ್ರಿ ಕೇಳಿದ ಕೆಮ್ಮು ಹುಟ್ಟಿದ ಜಾಗ ಅದು. ಆಮೇಲೆ ಮೈಲಾರಪ್ಪನ ಕಡೆ ತಿರುಗಿದಳು. ಅವನು ತಲೆ ತಗ್ಗಿಸಿದ. ಹೊಡೆದಿದ್ದರೆ ಹಗುರಾಗುತ್ತಿತ್ತು.

“ಹೆಣದ ಮುಂದ ನಿಂತು ನಿನ್ನ ಕೇಳಿದ್ನಿ,” ಎಂದಳು.

“ಹೌದವ್ವ.”

“ಇದು ಇರಲಿ,” ಎಂದಳು ಸುಲೋಚನಾ.

“ಇದು ಇರಲಿ,” ಎಂದಳು ಕಲ್ಲವ್ವ.

ಆ ಮಧ್ಯಾಹ್ನ ತಾಯಿ ಮಗಳು ಒಂದೇ ಬಾಯಿಂದ ಹೇಳಿದ ಮೊದಲ ಮಾತು ಅದು. ಸರ್ವರಿಗೆ ಅದರಿಂದ ಒಂದು ಸೆಕೆಂಡೂ ದಕ್ಕಲಿಲ್ಲ. ಮುಳ್ಳು ಇಪ್ಪತ್ತೊಂದೂವರೆ ದಾಟಿತ್ತು. ಗೋಡೆಯೊಳಗಿನಿಂದ ಸೂಜಿಯಂಥ ಘಾಟೊಂದು ಬಂದು ಮೂವರ ಕಣ್ಣಲ್ಲೂ ನೀರು ತರಿಸಿತು, ಹಾಗಾಗಿ ಯಾರು ಯಾಕೆ ಅತ್ತರೆಂದು ಲೆಕ್ಕ ಸಿಗಲಿಲ್ಲ.

“ಕಡೀ ಸಾಲು ಅಳಸು,” ಎಂದಳು ಕಲ್ಲವ್ವ.

“ಕಡೀದ? ಗುರುಗಳು ಕಡೀ ದಿನ ಹೇಳಿದ್ದನ್ನ? ಅದನ್ನ ನೀವಿನ್ನೂ ಕೇಳs ಇಲ್ಲಲ್ಲವ್ವ!”

“ಕೇಳಿದ್ರ ಬಿಡಾಕ ಆಗೂದಿಲ್ಲ. ಕೇಳಲಾರದs ಅಳಸು. ಲಗೂನ.”

ಅವಳ ಹೆಬ್ಬೆಟ್ಟು ಗಾಜಿನ ಮೇಲೆ ನಿಲ್ಲದಷ್ಟು ನಡುಗುತ್ತಿತ್ತು. ಯಂತ್ರ ಎರಡು ಸಲ ಒಪ್ಪಲಿಲ್ಲ. ಸುಲೋಚನಾ ಒಂದು ಕೈಯಿಂದ ತಾಯಿಯ ಮಣಿಕಟ್ಟು ಹಿಡಿದು ಒತ್ತಿ, ಇನ್ನೊಂದು ಕೈಯಿಂದ ತನ್ನದನ್ನು ಒತ್ತಿದಳು. ಖಾರದ ಕೆಂಪು ಬೆರಳು ತಾಯಿಯ ಕೈಮೇಲೆ ಮೂಡಿತು.

‘ಸುರಕ್ಷಾ ಕವಾಟ ತೆರೆಯಲಾಗುತ್ತಿದೆ.’

ಹಂಡೆ ಕುದಿಯಿತು. ಮುಳ್ಳು ಇಪ್ಪತ್ತೊಂದೂಮುಕ್ಕಾಲಿನಲ್ಲಿ ಒಂದು ಗಳಿಗೆ ನಿಂತು, ಯೋಚಿಸಿ, ಕೆಳಗಿಳಿಯಿತು.

ಆಮೇಲೆ ಇನ್ನೂ ಏಳು ಸಾಲು ಬೇಕಾದವು. ಸೊಂಟನೋವು ಎಂಟರಲ್ಲಿ ಒಂದು ಉಳಿಯಿತು. ತಾಯಿ ಮಗಳು ಈಗ ನೇರವಾಗಿ ಜಗಳವಾಡುತ್ತಿದ್ದರು, ನಡುವೆ ಮೈಲಾರಪ್ಪನ ಅಗತ್ಯವಿರಲಿಲ್ಲ. ಐದೂವರೆಗೆ ಬಿಸಿಲು ಇಳಿಯಿತು, ಒತ್ತಡ ಹದಿನಾರಕ್ಕೆ ಬಂತು. ಮೈಲಾರಪ್ಪ ಎದ್ದು ನಿಂತು ಡಿಸ್ಕ್ ಯಾಕೆ ತುಂಬಿತೆಂಬುದನ್ನೂ ಹೇಳಿದ, ಎರಡು ಲಕ್ಷ ಏಳು ಸಾವಿರ ಸಲದ ಲೆಕ್ಕ ಸಮೇತ. ಕಲ್ಲವ್ವ ಪೂರ್ತಿ ಕೇಳಿದಳು.

“ಅಂದ್ರ ಅವತ್ತು ಓಡಿದಾಂವ ಇನ್ನೂ ನಿಂತೇ ಇಲ್ಲ ನೀ,” ಎಂದಳು. ಆಮೇಲೆ ಪರದೆ ತೋರಿಸಿದಳು. “ಆ ಹನ್ನೊಂದು ಸೆಕೆಂಡು ಐತಲ್ಲ, ಅದನ್ನ ಯಾರ್‍ಯಾರು ಕೇಳಬಹುದು?”

“ನೀವಿಬ್ರು. ಮತ್ತ ನಾನು.”

“ಎಲ್ಲಾರೂ ಕೇಳೂ ಹಂಗ ಮಾಡು. ನನ್ನ ಮಗಳ ಗಿರಣಿ ಮುಂದ ಮೂಗು ಮುಚ್ಚಿದವ್ರು ಒಬ್ರೂ ಬಿಡಲಾರದಂಗ.”

ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಆಜ್ಞೆಯನ್ನು ಟೈಪ್ ಮಾಡಬೇಕಾದವನು ಆಪರೇಟರ್. ಮೈಲಾರಪ್ಪ ಮಾಡಿದ. ಸರ್ವರ್ ಕೇಳಿತು: ಕೇಳುವ ಅನುಮತಿ, ಎಲ್ಲರಿಗೂ. ಖಚಿತವೇ? ಹೊಟ್ಟೆಯಲ್ಲಿ ಹೆದರಿಕೆ ಮೊದಲಿಗಿಂತ ದೊಡ್ಡದಾಗಿಯೇ ಇತ್ತು. ಒತ್ತಿದ.

ಸಾಲು ಊರಿನ ಫೋನುಗಳಿಗೆಲ್ಲ ಹೋಯಿತು; ಅಳಿಸಿದ್ದರಲ್ಲಿ ಮಿಕ್ಕಿದ್ದ ಚೂರುಪಾರು ಜಾಗದಲ್ಲಿ ಹತ್ತು ನಿಮಿಷಕ್ಕೆ ಮೊದಲ ಹೆಸರು ಬಂತು. ಕೇಳಿದವರು: ಪಾರವ್ವ ಮೈಲಾರಪ್ಪ ಗುತ್ತಲ.

ಮನೆಗೆ ಹೋದಾಗ ಪಾರವ್ವ ಹೊಸ್ತಿಲ ಮೇಲೆ ಕುಳಿತಿದ್ದಳು. ಅವನು ಚಪ್ಪಲಿ ಬಿಡುವ ಮುಂಚೆಯೇ ಕೇಳಿದಳು: “ಕಲ್ಲವ್ವನ ಮನಿಗೆ ಹೋಗಿದ್ದೇನು?”

“ಇಲ್ಲ.”

“ಮೊದಲ ಅಲ್ಲಿಗೆ ಹೋಗಿ ಬಾ. ಆಮ್ಯಾಲ ಊಟ.”

“ಏನಂತ ಹೇಳ್ಲಿ?”

“ನೀ ಏನೂ ಹೇಳಬ್ಯಾಡ. ಕೇಳಿದ್ದಕ್ಕ ಜವಾಬು ಕೊಡು, ಸಾಕು.”

ಕಲ್ಲವ್ವನ ಅಡುಗೆಮನೆಯಲ್ಲಿ ಸುಲೋಚನಾ ರೊಟ್ಟಿ ಬಡಿಯುತ್ತಿದ್ದಳು. ಕಲ್ಲವ್ವ ಒಲೆಯ ಮುಂದಿದ್ದಳು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಮೈಲಾರಪ್ಪ ಬಾಗಿಲಿಗೆ ಅಂಟಿಕೊಂಡು ನಿಂತ. ಎರಡು ರೊಟ್ಟಿ ಬೆಂದ ಮೇಲೆ ಕಲ್ಲವ್ವ ಮುಖ ತಿರುಗಿಸದೆ ಕೇಳಿದಳು.

“ಕಡೀ ಸಾಲು ಹೇಳೂಮುಂದ ನೀ ಅಲ್ಲೇ ಇದ್ದ್ಯಾ?”

“ಇದ್ದ್ನಿ.”

“ಏನಿತ್ತು ಅದ್ರಾಗ?”

ರೊಟ್ಟಿ ಬಡಿಯುವ ಸದ್ದು ನಿಂತಿತು. ಆ ಸಾಲು ಈಗ ಯಾವ ಸರ್ವರಿನಲ್ಲಿಯೂ ಇರಲಿಲ್ಲ, ಇದ್ದದ್ದು ಇವನ ಕಿವಿಯಲ್ಲಿ ಮಾತ್ರ. ಅವನು ಏನು ಹೇಳಿದರೆ ಅದೇ ಕರ್ಜಗಿಯವರ ಕಡೆಯ ಮಾತು. ಒಳ್ಳೆಯ ಮಾತುಗಳು ನಾಲಿಗೆಯ ತುದಿಗೆ ಸಾಲುಗಟ್ಟಿ ಬಂದು ನಿಂತವು. ಕಲ್ಲವ್ವ ಕಾಯುತ್ತಿರುತ್ತಾಳೆ ಎಂದಿದ್ದರು ಎನ್ನಬಹುದು. ಮಗಳನ್ನು ಕರೆದು ಮಾತಾಡಿಸಬೇಕು ಎಂದಿದ್ದರು ಎನ್ನಬಹುದು. ಯಾರಿಗೂ ನಷ್ಟವಿಲ್ಲ.

“‘ಆರು ಗಂಟಿ. ಪಾಳಿ ಮುಗೀತು. ಎರಡನೇ ಪಂಪಿಗೆ ಗ್ರೀಸ್ ಹಾಕಬೇಕು,’” ಎಂದ ಮೈಲಾರಪ್ಪ.

“ಅಷ್ಟs?”

“ಅಷ್ಟs.”

ಕಲ್ಲವ್ವ ಹಂಚಿನ ಮೇಲಿನ ರೊಟ್ಟಿ ಮಗುಚಿದಳು. ಆಮೇಲೆ ಅವಳ ಬೆನ್ನು ಅಲುಗಿತು. ಅಳುತ್ತಿದ್ದಾಳೆಂದು ಮೈಲಾರಪ್ಪ ಹೆದರಿದ. ಅವಳು ನಗುತ್ತಿದ್ದಳು.

“ಹೌದು, ಅವ್ರs ಅಂದಿದ್ದು,” ಎಂದಳು ಮಗಳಿಗೆ. “ಇಂವ ಸುಳ್ಳು ಹೇಳಿದ್ರ ನನ್ನ ಹೆಸರು ಹಾಕತಿದ್ದ.”